ಕಿವಿ ತೋರಿಸುವ ಕರಾರು

ಬೆರಗಾಗುವುದು ನನ್ನ ಹುಟ್ಟುಗುಣ. ಮಾನ್ವಿಯ ನಮ್ಮ ಮನೆಯಲ್ಲಿ ಹೆಪ್ಪು ಹಾಕಿಟ್ಟ ಹಾಲು ಬೆಳಿಗ್ಗೆ ಮೊಸರಾಗಿದ್ದರೆ ಗಡಿಗೆಯ ಮುಂದೆ ಬಾಯಿ ತೆರೆದುಕೊಂಡು ಕೂರುತ್ತಿದ್ದೆನಂತೆ. ಇದನ್ನು ಹೇಳಿ ಹೇಳಿ ನಮ್ಮವ್ವ ಕಡೆಯವರೆಗೂ ನನ್ನನ್ನು ಗೇಲಿ ಮಾಡಿದಳು. ಎಪ್ಪತ್ತರ ದಶಕದ ಶುರುವಿಗೆ, ಬ್ಯಾಂಕುಗಳು ಸರ್ಕಾರದ್ದಾದ ಹೊಸತರಲ್ಲಿ, ರಾಯಚೂರಿನ ಒಂದು ಬ್ಯಾಂಕಿನಲ್ಲಿ, ಆಗಿನ್ನೂ ಹುಡುಗಿಯಾಗಿದ್ದ ನನಗೆ, ಕ್ಲಾರ್ಕ್ ಕೆಲಸ ಸಿಕ್ಕಿತು. ಅಲ್ಲಿ ನಾನು ಕಂಡ ಹೊಸ ಮೊಸರೆಂದರೆ ಚಕ್ರಬಡ್ಡಿ. ಇಟ್ಟ ದುಡ್ಡಿಗೆ ಬಡ್ಡಿ, ಮರುವರ್ಷ ಆ ಬಡ್ಡಿಗೂ ಬಡ್ಡಿ. ಯಾರೂ ಬಿತ್ತುವುದಿಲ್ಲ, ಯಾರೂ ನೀರು ಹಾಯಿಸುವುದಿಲ್ಲ, ಬೀಗ ಹಾಕಿದ ಖಜಾನೆಯೊಳಗೆ ದುಡ್ಡು ತಾನಾಗಿ ಬಲಿಯುತ್ತದೆ. ನಾನು ಕೂತ ಕೌಂಟರಿನ ಹಿಂದೆ ಗೋಡೆಯ ಮೇಲೆ ಒಂದು ಬೋರ್ಡಿತ್ತು. ಇಂದು ಇಷ್ಟು ಇಟ್ಟರೆ ಇಷ್ಟು ವರ್ಷಕ್ಕೆ ಇಷ್ಟು ಎಂದು ಅದರಲ್ಲಿ ಬಣ್ಣದಲ್ಲಿ ಬರೆಸಿದ್ದರು. ಊಟದ ಬಿಡುವಿನಲ್ಲಿ ಜೋಳದ ರೊಟ್ಟಿ ಮುರಿಯುತ್ತಾ ನಾನು ಅದನ್ನೇ ಓದುತ್ತಿದ್ದೆ. ಕಂಡವರಿಗೆಲ್ಲ ಅದರ ಉಪದೇಶ ಮಾಡುತ್ತಿದ್ದೆ. ಮಾನ್ವಿ ಬಸ್ಸಿನ ಕಂಡಕ್ಟರು ನನ್ನನ್ನು ಕಂಡರೆ ಹಿಂದಿನ ಸೀಟಿಗೆ ಹೋಗಿಬಿಡುತ್ತಿದ್ದ.

ನಾನು ಬಾಡಿಗೆಗಿದ್ದದ್ದು ಕೋಟೆಯ ಗುಡ್ಡದ ಬುಡದ ಒಂದು ಓಣಿಯಲ್ಲಿ. ಮನೆಯೊಡತಿ ಐವತ್ತರ ಹತ್ತಿರದ ವಿಧವೆ, ಮಕ್ಕಳಿರಲಿಲ್ಲ. ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ ಅವರದು. ಗಂಡ ಇದ್ದಾಗ ಅವನು ಬಿಲ್ಲಿನಿಂದ ಹತ್ತಿ ಹಿಂಜುತ್ತಿದ್ದ, ಈಕೆ ಹೊಲಿಯುತ್ತಿದ್ದಳು. ಅವನು ಹೋದ ಮೇಲೆ ಬಿಲ್ಲನ್ನೂ ಈಕೆಯೇ ಹಿಡಿದಳು. ಇಡೀ ಓಣಿ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿತ್ತು, ನಾನೂ ಹಾಗೇ ಕರೆದೆ. ರಾಯಚೂರಿನ ಬಿಸಿಲಿನಲ್ಲಿ ಮಧ್ಯಾಹ್ನ ಎಲ್ಲರೂ ಬಾಗಿಲು ಹಾಕಿಕೊಂಡು ಬಿದ್ದಿದ್ದರೆ ನಮ್ಮ ಅಂಗಳದಲ್ಲಿ ಮಾತ್ರ ಆ ಬಿಲ್ಲು ಟೊಂಯ್ ಟೊಂಯ್ ಅನ್ನುತ್ತಿರುತ್ತಿತ್ತು. ಖಾಲಾರ ತಲೆ, ಹುಬ್ಬು, ಮೂಗಿನ ತುದಿ ಎಲ್ಲ ಹತ್ತಿಯಿಂದ ಬೆಳ್ಳಗಾಗಿರುತ್ತಿದ್ದವು.

ಒಂದು ದಿನ ಖಾಲಾ ಬುರ್ಖಾ ಹಾಕಿಕೊಂಡು ನನ್ನ ಕೌಂಟರಿಗೇ ಬಂದರು. ಸೆರಗಿನ ಗಂಟು ಬಿಚ್ಚಿ ಮುಂದಿಟ್ಟರು. ನೋಟುಗಳ ಮೂಲೆಗಳೆಲ್ಲ ಇಲಿ ಕಡಿದು ಹೋಗಿದ್ದವು.

"ನೋಡು ಬೇಟಾ, ನಾನು ರೊಕ್ಕ ಕೂಡಿಸಿಟ್ಟೆ, ಇಲಿ ಪಾಲು ತಗೊಂತು," ಅಂದರು.

"ಗಾದಿಯೊಳಗ ಇಟ್ಟಿದ್ರೇನು?"

"ಗಾದಿಯೊಳಗ ಯಾರರ ಇಡ್ತಾರೇನು? ಗಾದಿ ಹೊಲಿಯಾಕಿ ಮನಿಗೆ ಕಳ್ಳ ಬಂದ್ರ ಮೊದಲು ಹರಿಯೂದೇ ಗಾದಿ. ಹಿಟ್ಟಿನ ಡಬ್ಬಿಯೊಳಗ ಇಟ್ಟಿದ್ದೆ."

ಆ ದುಡ್ಡು ಯಾತಕ್ಕೆಂದು ಓಣಿಗೆಲ್ಲ ಗೊತ್ತಿತ್ತು. ಖಾಲಾ ಮುಚ್ಚಿಟ್ಟವರೇ ಅಲ್ಲ. ನಮ್ಮಂಥ ನೌಕರಿಯವರಿಗೆ ಪೆನ್ಷನ್ನು, ಗ್ರಾಚುಯಿಟಿ ಅಂತ ಏನಾದರೂ ಇರುತ್ತದೆ. ಗಾದಿ ಹೊಲಿಯುವವಳಿಗೆ ನಿವೃತ್ತಿಯ ವಯಸ್ಸನ್ನು ಸರ್ಕಾರ ಹೇಳುವುದಿಲ್ಲ, ಸೂಜಿ ಹೇಳುತ್ತದೆ. "ಸೂಜಿಗೆ ದಾರ ಪೋಣಿಸಾಕ ಬರಲಾರದ ದಿನ ಬಂದ್ರ, ಆವತ್ತಿಂದ ನಾನು ಯಾರ ಮುಂದೂ ಕೈ ಚಾಚಬಾರದು. ನನ್ನ ರೊಟ್ಟಿ ನಂದೇ ಇರಬೇಕು," ಎಂದು ಹೇಳುತ್ತಿದ್ದರು. ಅವರ ತಾಯಿ ಕಡೆಗಾಲದಲ್ಲಿ ಸಂಬಂಧಿಕರ ಮನೆಯಿಂದ ಮನೆಗೆ ಗಂಟು ಹೊತ್ತು ತಿರುಗಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಅದನ್ನು ಹೇಳುವಾಗ ಅವರ ಕೈಯ ಸೂಜಿ ನಿಲ್ಲುತ್ತಿತ್ತು.

ನನಗೆ ಇನ್ನೇನು ಬೇಕು? ಇಲಿ ತಿಂದ ನೋಟುಗಳನ್ನು ಬದಲಾಯಿಸಿಕೊಟ್ಟೆ, ಮನೆಯಲ್ಲಿದ್ದ ಉಳಿದದ್ದನ್ನೂ ತರಿಸಿದೆ. ಎಲ್ಲವನ್ನೂ ಐದು ವರ್ಷದ ಠೇವಣಿಗೆ ಹಾಕಿಸಿದೆ. ಪೇಟೆಯ ಸಾಬರ ಅಂಗಡಿಯವರೆಲ್ಲ ನಮ್ಮಲ್ಲೇ ಠೇವಣಿ ಇಡುತ್ತಿದ್ದರು, ಬಡ್ಡಿಯನ್ನೂ ಒಯ್ಯುತ್ತಿದ್ದರು. ಹಾಗಾಗಿ ಖಾಲಾರನ್ನು ಬೇರೆ ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಖಾಲಾ ಒಂದೇ ಮಾತು ಕೇಳಿದರು: "ಅಮಾನತ್ ಇದ್ದಂಗ ಅಲ್ಲೇನು? ಇಟ್ಟದ್ದು ಇಟ್ಟಂಗ ಇರ್ತದ?" ನಂಬಿ ಒಪ್ಪಿಸಿಟ್ಟ ಗಂಟಿಗೆ ಅವರು ಅಮಾನತ್ ಅನ್ನುತ್ತಿದ್ದರು. ಇರುತ್ತದೆ ಎಂದೆ. ಅವರು ನನ್ನ ತಲೆ ಸವರಿ ಹೋದರು.

ಐದು ವರ್ಷ ಕಳೆಯಿತು. ಠೇವಣಿ ತೀರುವ ದಿನ ನಾನು ಹೊಸ ಸೀರೆ ಉಟ್ಟುಕೊಂಡು ಹೋಗಿದ್ದೆನೆಂದರೆ ನನ್ನ ಹುಚ್ಚು ಎಂಥದೆಂದು ತಿಳಿಯಬಹುದು. ಬೋರ್ಡಿನ ಮೇಲೆ ಓದುತ್ತಿದ್ದುದು ನನ್ನ ಮನೆಯೊಡತಿಯ ಬಾಳಿನಲ್ಲಿ ನಿಜವಾಗುವುದನ್ನು ನೋಡುವವಳಿದ್ದೆ. ಖಾಲಾ ಬಂದರು. ಮೊದಲು ಒಂದು ಪುಟ್ಟ ಗಂಟನ್ನು ಕೌಂಟರಿನ ಮೇಲಿಟ್ಟರು.

"ಇದೇನ್ರಿ?"

"ಕಾವಲಿ ರೊಕ್ಕ. ಐದು ವರ್ಷ ನನ್ನ ಅಮಾನತ್ ಕಾಯ್ದೀರಿ. ಪುಕ್ಕಟೆ ಕಾಯಸ್ಕೊಂಡ್ರ ನನಗ ಚಂದಲ್ಲ."

ಬ್ಯಾಂಕಿಗೆ ಕಾವಲುಗಾರನ ಕೂಲಿ ತಂದ ಮನುಷ್ಯರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ನಗು ತಡೆದುಕೊಂಡು, "ಖಾಲಾ, ಕಾಯ್ದದ್ದಕ್ಕ ಬ್ಯಾಂಕೇ ನಿಮಗ ಕೊಡ್ತದ. ನೋಡ್ರಿ, ನಿಮ್ಮ ರೊಕ್ಕ ಒಂದಕ್ಕ ಒಂದೂವರಿ ಆಗ್ಯದ!" ಎಂದೆ. ಅವರು ಹಿಗ್ಗಲಿಲ್ಲ. ಕೌಂಟರಿನಿಂದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು.

"ಸೂದೇನು?"

"ಬಡ್ಡಿ, ಖಾಲಾ."

"ಅದೇ. ನಮ್ಮ ಧರ್ಮದಾಗ ಅದು ಮುಟ್ಟಬಾರದ್ದು, ನನಗ ಬ್ಯಾಡ. ಯಾರದೋ ರೊಕ್ಕ ನನ್ನ ಹೆಸರಿಗೆ ಯಾಕ ಬರದೀ? ಅವರಿಗೆ ಮುಟ್ಟಸು."

ಮ್ಯಾನೇಜರು ಎದ್ದು ಬಂದರು. ಅವರು ಮೈಸೂರು ಕಡೆಯವರು, ಬಹಳ ಸಾಧು ಮನುಷ್ಯ. ಬಡ್ಡಿ ಬೇಡವೆಂದು ಬರೆದುಕೊಳ್ಳಲು ಬ್ಯಾಂಕಿನಲ್ಲಿ ಜಾಗವೇ ಇಲ್ಲವೆಂದು ಹೇಳಿದರು. ಕೊನೆಗೆ ಖಾಲಾರೇ ದಾರಿ ಹುಡುಕಿದರು. ತಮ್ಮ ಅಸಲನ್ನಷ್ಟೇ ಪಡೆದರು. "ಉಳಿದದ್ದು ಅಲ್ಲೇ ಬಿದ್ದಿರ್ಲಿ, ನನ್ನ ಹೊಸ್ತಿಲ ದಾಟಬಾರದು," ಎಂದು ಹೇಳಿ ಹೋದರು. ಬಡ್ಡಿಯ ದುಡ್ಡು ಅವರ ಹೆಸರಿನಲ್ಲೇ ಮತ್ತೆ ಠೇವಣಿಯಾಯಿತು. ಕಾವಲಿ ರೊಕ್ಕದ ಗಂಟನ್ನು ಮಾತ್ರ ಬಿಟ್ಟು ಹೋಗಿದ್ದರು. ಸಂಜೆ ಅದನ್ನು ಮನೆಗೆ ತಂದುಕೊಡಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ.

ಆ ಸಂಜೆ ಅವರ ಮೇಲೆ ರೇಗಿದೆ. ಡಬ್ಬಿಯಲ್ಲಿಟ್ಟ ದುಡ್ಡು ಇಟ್ಟಂತೆ ಇರುವುದಿಲ್ಲ, ಇಲಿ ತಿನ್ನದಿದ್ದರೂ ತುಟ್ಟಿಕಾಲ ತಿನ್ನುತ್ತದೆ, ಐದು ವರ್ಷದ ಹಿಂದೆ ಎಣ್ಣೆಯ ಬೆಲೆ ಎಷ್ಟಿತ್ತು, ಈಗೆಷ್ಟು, ಲೆಕ್ಕ ಹಾಕಿರಿ ಎಂದೆ. ಖಾಲಾ ಕೇಳಿಸಿಕೊಂಡರು. ನಾನು ಹೇಳಿದ್ದು ಖರೆ ಅನ್ನುವುದನ್ನೂ ಒಪ್ಪಿದರು. ಕೈಯಲ್ಲಿದ್ದ ಹತ್ತಿಯನ್ನು ಬಿಡಿಸಿ ಮುಗಿಸಿದರು. ಆಮೇಲೆ ಅಂದರು: "ಹಂಗಾರ ಇದನ್ನ ಬೆಳೆಯೂ ಕಡೆ ಇಡಬೇಕು. ಆದ್ರ ಮುಳುಗೂ ಭಯ ಇದ್ದಲ್ಲೇ ಇಡಬೇಕು. ನಿನ್ನ ಬ್ಯಾಂಕಿನ್ಯಾಗ ಆ ಭಯನ ಇಲ್ಲ. ಭಯ ಇಲ್ಲದ ಲಾಭ ನನಗ ದಕ್ಕಂಗಿಲ್ಲ."

ದುಡ್ಡಿಗೆ ಭಯವಿರಬೇಕೆಂದು ಹೇಳಿದವರು ನನ್ನ ಬದುಕಿನಲ್ಲಿ ಅವರೊಬ್ಬರೇ.

ಹತ್ತಿಯ ಸುಗ್ಗಿಯಲ್ಲಿ ದೇವದುರ್ಗದ ಕಡೆಯ ಹಳ್ಳಿಗಳಿಂದ ಕೂಲಿಯ ಹೆಣ್ಣುಮಕ್ಕಳು ರಾಯಚೂರಿನ ಜಿನ್ನಿಂಗ್ ಮಿಲ್ಲುಗಳಿಗೆ ಬರುತ್ತಿದ್ದರು. ಅವರಲ್ಲಿ ಗೂಗಲ್ಲೆಂಬ ಹೊಳೆದಂಡೆಯ ಊರಿನ ಒಬ್ಬಾಕೆ ಮಿಲ್ಲಿನ ಅಳಿದುಳಿದ ಹತ್ತಿಯನ್ನು ಖಾಲಾರಿಗೆ ತಂದು ಮಾರುತ್ತಿದ್ದಳು. ಎತ್ತರದ, ಗಟ್ಟಿ ದನಿಯ, ನಕ್ಕರೆ ಓಣಿಗೆಲ್ಲ ಕೇಳಿಸುವಂಥ ಹೆಂಗಸು. ನಾವಿಬ್ಬರೂ ಅವಳನ್ನು ಗೂಗಲ್ಲಿನಾಕಿ ಎಂದೇ ಕರೆಯುತ್ತಿದ್ದೆವು. ಅವಳೂರಲ್ಲಿ ಆಡುಗಳನ್ನು ಪಾಲಿಗೆ ಕೊಡುವ ಪದ್ಧತಿಯಿತ್ತು. ಒಬ್ಬರು ಆಡು ಕೊಂಡು ಕೊಡುತ್ತಾರೆ, ಇನ್ನೊಬ್ಬರು ಸಾಕುತ್ತಾರೆ, ಹುಟ್ಟಿದ ಮರಿಗಳನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಕಾಗದವಿಲ್ಲ, ಸಹಿಯಿಲ್ಲ. ನಮ್ಮ ಅಂಗಳದಲ್ಲಿ ಹತ್ತಿಯ ರಾಶಿಯ ಮೇಲೆ ಕೂತು ಆ ಇಬ್ಬರೂ ಕರಾರು ಮಾಡಿಕೊಂಡರು.

"ಮರಿ ಅರ್ಧಾ ಅರ್ಧಾ. ಹಾಲು ಸಾಕಿದಾಕೀದು. ಸತ್ತರ ಕಿವಿ ತೋರಸಬೇಕು. ಒಪ್ಪಿಗಿ ಐತಿಲ್ಲೋ?" ಖಾಲಾ ಕೇಳಿದರು.

"ಒಪ್ಪಿಗಿ ಐತ್ರೀ ಖಾಲಾ," ಅಂದಳು ಗೂಗಲ್ಲಿನಾಕಿ.

ಕಿವಿ ಯಾಕೆಂದು ನಾನು ಕೇಳಿದೆ. ಆಡನ್ನು ಮಾರಿಕೊಂಡು ಸತ್ತಿತೆಂದು ಸುಳ್ಳು ಹೇಳಬಾರದಲ್ಲ, ಅದಕ್ಕೆ ಸತ್ತ ಆಡಿನ ಕಿವಿ ಕೊಯ್ದು ಯಜಮಾನರಿಗೆ ತಂದು ತೋರಿಸಬೇಕಂತೆ. ನಾನು ಎರಡೂ ಕೈಯಿಂದ ನನ್ನ ಕಿವಿ ಮುಚ್ಚಿಕೊಂಡೆ. ಅವರಿಬ್ಬರೂ ನನ್ನ ಮುಖ ನೋಡಿ ನಕ್ಕರು. ಆ ವಾರವೇ ಖಾಲಾರ ಮುಪ್ಪಿನ ದುಡ್ಡೆಲ್ಲ ದೇವದುರ್ಗದ ಸಂತೆಯಲ್ಲಿ ಆಡುಗಳಾಯಿತು. ಗುರುತಿಗೆ ಖಾಲಾ ಗಾದಿ ಬಟ್ಟೆಯ ನೀಲಿ ಪಟ್ಟೆಗಳನ್ನು ಹರಿದು ಕಳಿಸಿದರು, ಒಂದೊಂದು ಆಡಿನ ಕೊರಳಿಗೆ ಒಂದೊಂದು.

ಇದಾಗಿ ಎರಡು ವರ್ಷಕ್ಕೆ ನನಗೆ ದೇವದುರ್ಗಕ್ಕೆ ವರ್ಗವಾಯಿತು. ಅಲ್ಲಿದ್ದಷ್ಟು ಕಾಲ ಖಾಲಾ ನನಗೆ ಕಳಿಸುತ್ತಿದ್ದ ಸಂದೇಶ ಒಂದೇ: "ಹೋಗಿ ನೋಡಿ ಬಾ." ನಾನು ಗೂಗಲ್ಲಿಗೆ ಮೊದಲ ಸಲ ಹೋದದ್ದು ಚಳಿಗಾಲದ ಒಂದು ಭಾನುವಾರ. ಅಲ್ಲಮಪ್ರಭುವಿನ ಗುಡಿಗೆ ಕೈಮುಗಿದು ಹೊಳೆಯ ದಂಡೆಗೆ ಇಳಿದೆ. ಕೃಷ್ಣೆ ಅಗಲಕ್ಕೆ ಹರವಿಕೊಂಡು ಬಂಡೆಗಳ ನಡುವೆ ಹರಿಯುತ್ತಿತ್ತು. ಗೂಗಲ್ಲಿನಾಕಿ ಬಾಯಿಗೆ ಕೈ ಹಚ್ಚಿ ಒಂದು ಕೂಗು ಹಾಕಿದಳು. ನಾನು ಬರೀ ಬಂಡೆ ಎಂದುಕೊಂಡಿದ್ದ ಬಂಡೆಗಳೆಲ್ಲ ಎದ್ದು ನಿಂತವು. ಕರಿಯವು, ಕಂದು, ಚುಕ್ಕೆಯವು, ಮುಂದೆ ತಾಯಿಗಳು, ಹಿಂದೆ ಪುಟಿಯುವ ಮರಿಗಳು, ಎಲ್ಲ ಅವಳ ಕಡೆಗೆ ಇಳಿದು ಬಂದವು. ಅರ್ಧಕ್ಕರ್ಧ ಕೊರಳುಗಳಲ್ಲಿ ನಮ್ಮ ಅಂಗಳದ ನೀಲಿ ಪಟ್ಟೆ ಕಾಣುತ್ತಿತ್ತು.

"ಇಷ್ಟು ಮಂದಿ ಎಲ್ಲಿಂದ ಬಂದ್ರವ್ವಾ?" ಎಂದು ಕೇಳಿದೆ. ಆಡುಗಳಿಗೆ ಮಂದಿ ಅಂದುಬಿಟ್ಟಿದ್ದೆ.

"ಹಡದಾವ್ರಿ ಯಕ್ಕಾ. ಹಡದಾವು ಮತ್ತ ಹಡದಾವು," ಎಂದು ಅವಳು ಜೋರಾಗಿ ನಕ್ಕಳು.

ಒಂದು ತಾಯಿ, ಅದರ ಮಗಳು, ಆ ಮಗಳ ಮರಿ, ಮೂರು ತಲೆಮಾರು ಒಂದೇ ಬಂಡೆಯ ಮೇಲೆ ನಿಂತು ನನ್ನನ್ನು ನೋಡುತ್ತಿದ್ದವು. ಇದು ನಮ್ಮ ಬೋರ್ಡಿನ ಮೇಲಿನ ಲೆಕ್ಕವೇ. ಆದರೆ ಇದಕ್ಕೆ ಕಣ್ಣಿತ್ತು, ಉಸಿರಿತ್ತು, ನನ್ನ ಸೆರಗಿನ ತುದಿಯನ್ನು ಮೇಯುವ ಬಾಯಿತ್ತು. ನನಗೆ ಕಣ್ಣು ತುಂಬಿ ಬಂತು. ಆಡು ನೋಡಿ ಅಳುವ ಬ್ಯಾಂಕಿನವಳನ್ನು ಗೂಗಲ್ಲಿನ ಹೆಂಗಸರು ಸುತ್ತ ನಿಂತು ನೋಡಿದರು.

ಬಕ್ರೀದು ಹತ್ತಿರ ಬಂದಾಗ ಖಾಲಾರ ಪಾಲಿನ ಹೋತಗಳು ರಾಯಚೂರಿಗೆ ಬರುತ್ತಿದ್ದವು. ಅವಕ್ಕೆ ಒಳ್ಳೆ ಬೆಲೆಯೂ ಬರುತ್ತಿತ್ತು. ನಾನು ಕಾಳುಪಲ್ಯ ತಿನ್ನುವ ಮನೆಯವಳು, ಆ ವ್ಯಾಪಾರದ ದಿನ ಹೊರಗೆ ಬರುತ್ತಿರಲಿಲ್ಲ. ಬಂದ ದುಡ್ಡನ್ನು ಖಾಲಾ ಮನೆಯಲ್ಲಿ ಇಟ್ಟುಕೊಳ್ಳದೆ ಮತ್ತೆ ಆಡಿಗೇ ಹಾಕುತ್ತಿದ್ದರು. ಸ್ವಲ್ಪವಾದರೂ ಬೇರೆ ಕಡೆ ಇಡಿ, ಎಲ್ಲಾ ಒಂದೇ ಕಡೆ ಬೇಡ ಎಂದು ರಜೆಗೆ ಬಂದಾಗಲೆಲ್ಲ ಹೇಳಿದೆ. "ನಿನಗ ಅಂಜಿಕಿ ಬಾಳ," ಅಂದರು. ಎಂಬತ್ತರ ದಶಕ ಹುಟ್ಟುವ ಹೊತ್ತಿಗೆ ಖಾಲಾರ ಮುಪ್ಪು ಗೂಗಲ್ಲಿನ ಬಂಡೆಗಳ ಮೇಲೆ ಸುಖವಾಗಿ ಮೇಯುತ್ತಿತ್ತು.

ನಾನು ತಿರುಗಿ ರಾಯಚೂರಿಗೆ ವರ್ಗವಾಗಿ ಬಂದು ಅದೇ ಕೋಣೆಗೆ ಸೇರಿಕೊಂಡ ಮರುವರ್ಷ, ಮಳೆಗಾಲದ ಕಡೆಗೆ, ಆಡುಗಳಿಗೆ ಜಡ್ಡು ಬಿತ್ತು. ನಮಗೆ ಸುದ್ದಿಯೇ ಇರಲಿಲ್ಲ. ಒಂದು ಬೆಳಿಗ್ಗೆ ಗೂಗಲ್ಲಿನಾಕಿ ಬಂದು ಹೊಸ್ತಿಲ ಹೊರಗೇ ಕೂತಳು. ಕರೆದರೂ ಒಳಗೆ ಬರಲಿಲ್ಲ. ಮಡಿಲಿನಿಂದ ಒಂದು ಗಂಟು ತೆಗೆದು ಬಿಚ್ಚಿದಳು. ಉಪ್ಪು ಹಚ್ಚಿ ಒಣಗಿಸಿದ ಕಿವಿಗಳು, ಒಂದರ ಮೇಲೊಂದು. ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡು ಕಂಬಕ್ಕೆ ಒರಗಿದೆ. ಖಾಲಾ ಎದುರಿಗೆ ಕೂತು ಒಂದೊಂದನ್ನೇ ಎತ್ತಿ ನೋಡಿ ಪಕ್ಕಕ್ಕೆ ಇಟ್ಟರು.

"ಎಲ್ಲಾ ಹೋದವೇನು?"

"ಎಲ್ಲಾ ಹೋದೂರಿ ಖಾಲಾ. ಕೆಮ್ಮಿದೂ, ಉಚ್ಚಿಕೊಂಡೂ, ಬಿದ್ದೂ. ದೇವದುರ್ಗದ ದನದ ಡಾಕ್ಟ್ರು ಬಂದು ಸೂಜಿ ಹಾಕಿದ್ರು. ಒಂದೂ ಉಳೀಲಿಲ್ಲ." ಸ್ವಲ್ಪ ತಡೆದು ಇನ್ನೊಂದು ಗಂಟನ್ನು ಬಿಚ್ಚಿದಳು. "ಇವು ನನ್ನ ಪಾಲಿನವು."

"ನಿನ್ನವು ಯಾಕ ತಂದಿ? ನಿನ್ನವು ಯಾರು ಕೇಳ್ಯಾರ?"

"ನಿಮ್ಮವಷ್ಟೇ ಸತ್ತೂ ಅಂದ್ರ ನೀವು ನಂಬಬಹುದ್ರಿ. ನನಗ ನಿದ್ದಿ ಬರಂಗಿಲ್ಲ."

ಖಾಲಾ ಹೊಸ್ತಿಲು ದಾಟಿ ಅವಳನ್ನು ತಬ್ಬಿಕೊಂಡರು. ಇಬ್ಬರೂ ಸಾವಿನ ಮನೆಯಲ್ಲಿ ಅಳುವಂತೆ ಅತ್ತರು. ನನಗೆ ಅಳುವುದಕ್ಕಿಂತ ಹೆಚ್ಚು ಭಯವಾಯಿತು. ಐವತ್ತು ದಾಟಿ ಅರವತ್ತರ ಕಡೆಗೆ ಹೊರಟ ಈ ಹೆಂಗಸಿನ ಮುಪ್ಪಿನ ರೊಟ್ಟಿ ಆ ಮೊದಲ ಗಂಟಿನಲ್ಲಿ ಒಣಗಿ ಬಿದ್ದಿತ್ತು.

ಅತ್ತು ಮುಗಿದ ಮೇಲೆ ಖಾಲಾ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಬೇಟಾ, ಆ ಸೂದಿನ ರೊಕ್ಕ ಇನ್ನೂ ಬ್ಯಾಂಕಿನ್ಯಾಗ ಅದ ಏನು?"

"ಅದ ಖಾಲಾ. ಬೆಳದದ."

"ಯಾರೂ ಮೇಯಿಸಲಾರದ?"

"ಯಾರೂ ಮೇಯಿಸಲಾರದ."

ಅವರು ತಲೆಯಾಡಿಸಿದರು. ಅವರ ಮುಖದಲ್ಲಿ ಆವತ್ತು ನಾನು ಕಂಡದ್ದು ನನ್ನದೇ ಹಳೆಯ ಬೆರಗು. ಹೊಳೆದಂಡೆಯಲ್ಲಿ ಸೂಜಿ ಹಾಕಿಸಿಕೊಂಡ ಜೀವಗಳೆಲ್ಲ ಸತ್ತಿದ್ದವು, ಯಾರಿಗೂ ಬೇಡವಾದ ದುಡ್ಡು ಕಬ್ಬಿಣದ ಕೋಣೆಯೊಳಗೆ ದಪ್ಪಗಾಗಿತ್ತು. ಈಗಲಾದರೂ ಖಾಲಾ ಅದನ್ನು ತೆಗೆದುಕೊಳ್ಳುತ್ತಾರೆಂದು ನನಗೆ ಆಸೆ ಹುಟ್ಟಿತು. ಅವರು ಗೂಗಲ್ಲಿನಾಕಿಗೆ ಹೇಳಿದರು: "ಅದು ನಾನು ಮುಟ್ಟಬಾರದ್ದು. ನಿನಗೇನೂ ಅಡ್ಡಿ ಇಲ್ಲ. ತಗೊಂಡು ಮತ್ತ ಆಡು ಕಟ್ಟು."

"ನಿಮಗ ಬ್ಯಾಡಾದದ್ದು ನನಗ ಯಾಕ್ರಿ?"

"ನಿಮ್ಮ ದೇವರು ಬಡ್ಡಿ ತಗೋಬ್ಯಾಡ ಅಂದಾನೇನು?"

"ಇಲ್ರಿ. ಸಾಹುಕಾರಗ ಬಡ್ಡಿ ಕಟ್ಟು ಅಂತ ಹೇಳ್ಯಾನ. ತಗೋ ಅಂತ ಇವತ್ತಿಗೂ ಅಂದಿಲ್ಲ."

"ಹಂಗಾರ ಒಂದು ಸಲ ತಗೋ. ಇದು ಪಾಲಲ್ಲ. ನನಗ ಮರಿ ಬ್ಯಾಡ, ಹಾಲು ಬ್ಯಾಡ. ಪೂರಾ ನಿಂದು."

ನಾನು ಜಗಳಕ್ಕೇ ನಿಂತೆ. ನಿಮ್ಮ ಕಣ್ಣು ಹೋದ ದಿನ ಯಾರು ಕೊಡುತ್ತಾರೆ, ಬೇರೆಯವರ ಮುಂದೆ ಕೈ ಚಾಚುವುದಿಲ್ಲವೆಂದು ಹೇಳಿಕೊಂಡು ಬಂದದ್ದು ಇದಕ್ಕೇ ಏನು ಎಂದು ಓಣಿಗೆ ಕೇಳುವಂತೆ ಕೂಗಾಡಿದೆ. ಖಾಲಾ ಹತ್ತಿಯ ಬಿಲ್ಲು ಎತ್ತಿಕೊಂಡರು. ಮರುದಿನ ಬ್ಯಾಂಕಿಗೆ ಬಂದು ಹೆಬ್ಬೆಟ್ಟು ಒತ್ತಿದರು. ನೋಟುಗಳನ್ನು ಗೂಗಲ್ಲಿನಾಕಿ ತನ್ನ ಕೈಯಿಂದಲೇ ಎತ್ತಿಕೊಂಡಳು. ಒಂದು ಚಿಕ್ಕ ಹಿಂಡು ಕಟ್ಟುವಷ್ಟಿತ್ತು. ನಾನು ಖಾಲಾರ ಜೊತೆ ಅನೇಕ ದಿನ ಮಾತು ಬಿಟ್ಟೆ. ಅವರು ದಿನಾ ಬೆಳಿಗ್ಗೆ ನನ್ನ ಬಾಗಿಲಿಗೆ ಬಿಸಿನೀರಿನ ಬಕೀಟು ಇಟ್ಟು ಹೋಗುವುದನ್ನು ಬಿಡಲಿಲ್ಲ.

ಶಕ್ತಿನಗರದಲ್ಲಿ ವಿದ್ಯುತ್ ಕೇಂದ್ರ ಏಳುತ್ತಿದ್ದ ಕಾಲ ಅದು. ಇಂಜಿನಿಯರುಗಳ ಹೊಸ ಕ್ವಾರ್ಟರ್ಸುಗಳಿಗೆ ಗಾದಿ ಬೇಕಿದ್ದವು. ಖಾಲಾ ಹಗಲಿಡೀ ಹೊಲಿದರು, ಮತ್ತೆ ಸ್ವಲ್ಪ ಕೂಡಿಸಿದರು. ಅಷ್ಟರಲ್ಲಿ ಕಣ್ಣಿಗೆ ಪೊರೆ ಬಂತು. ಕೂಡಿಸಿದ್ದು ಆಪರೇಷನ್ನಿಗೇ ಆಯಿತು. ಆಮೇಲೆ ಮನುಷ್ಯರು, ಗೋಡೆ, ದಾರಿ ಕಾಣುತ್ತಿದ್ದವು. ಸೂಜಿಯ ಕಣ್ಣು ಮಾತ್ರ ಮತ್ತೆ ಕಾಣಲಿಲ್ಲ. ಅವರು ಇಷ್ಟು ವರ್ಷ ಕಾಯುತ್ತಾ ಬಂದಿದ್ದ ದಿನ ಬಂದೇಬಿಟ್ಟಿತು, ಅವರ ಕೈ ಖಾಲಿಯಿರುವಾಗಲೇ.

ನನ್ನ ತಿಂಗಳ ಬಾಡಿಗೆ ಕಣ್ಣಿನ ಔಷಧಿಗೇ ಸರಿಹೋಗುತ್ತಿತ್ತು. ನಾನು ಆರು ತಿಂಗಳ ಬಾಡಿಗೆ ಮುಂಗಡ ಕೊಡಲು ಹೋದೆ. "ನೀ ಇನ್ನೂ ಇರಲಾರದ ತಿಂಗಳಿಗೆ ಬಾಡಿಗಿ ಹೆಂಗ ತಗೊಳ್ಳಲಿ?" ಎಂದು ವಾಪಸ್ಸು ಕೊಟ್ಟರು. ಓಣಿಯವರು ತಾಟಿನಲ್ಲಿ ಊಟ ಕಳಿಸಿದರೆ ತಾಟನ್ನು ಖಾಲಿ ಮರಳಿಸುತ್ತಿರಲಿಲ್ಲ. ಮನೆಯಲ್ಲಿ ಉಳಿದ ಹತ್ತಿಯಿಂದ ದೀಪದ ಬತ್ತಿ ಹೊಸೆದು ತಾಟಿನಲ್ಲಿಟ್ಟು ಕಳಿಸುತ್ತಿದ್ದರು. ಬತ್ತಿ ಹೊಸೆಯಲು ಕಣ್ಣು ಬೇಕಿರಲಿಲ್ಲ. ನಮ್ಮ ಓಣಿಯ ಎಷ್ಟೋ ದೇವರ ಮುಂದೆ ಆ ವರ್ಷ ಖಾಲಾರ ಬತ್ತಿ ಉರಿದವು. ಒಂದು ದಿನ ಮನೆಯ ಹತ್ತಿಯೂ ತೀರಿತು. ಆವತ್ತು ಪಕ್ಕದ ಮನೆಯಿಂದ ಬಂದ ತಾಟನ್ನು ಖಾಲಾ ಹಸಿವಿಲ್ಲವೆಂದು ಮುಟ್ಟದೆ ಕಳಿಸಿದರು. ನಾನು ಕೋಣೆಯೊಳಗೆ ಕೂತು ಅದನ್ನು ಕೇಳಿಸಿಕೊಂಡೆ. ನನ್ನ ಸಂಬಳ, ನನ್ನ ಠೇವಣಿ, ನನ್ನ ಪಿಎಫ್ಫು ಎಲ್ಲ ಇದ್ದೂ ಆ ಗಳಿಗೆಯಲ್ಲಿ ಒಂದು ತುತ್ತನ್ನು ಅವರ ಬಾಯಿಗೆ ಹಾಕುವ ಉಪಾಯ ನನಗೆ ತಿಳಿಯಲಿಲ್ಲ.

ಯುಗಾದಿ ಮುಗಿದು ಬಿಸಿಲು ಏರಿದ್ದ ದಿನಗಳು. ಮಧ್ಯಾಹ್ನ ಓಣಿಯಲ್ಲಿ ಗಟ್ಟಿ ದನಿ ಕೇಳಿತು. ಗೂಗಲ್ಲಿನಾಕಿ ಎರಡು ಹೆಣ್ಣಾಡುಗಳನ್ನು ಹಗ್ಗ ಹಿಡಿದು ಎಳೆದುಕೊಂಡು ಬರುತ್ತಿದ್ದಳು. ಎರಡಕ್ಕೂ ಹೊಟ್ಟೆ ತುಂಬಿ ಇಳಿಬಿದ್ದಿತ್ತು, ಇಂದೋ ನಾಳೆಯೋ ಮರಿ ಹಾಕುವಂತಿದ್ದವು. "ಕೆಂಪು ಬಸ್ಸಿನ್ಯಾಗ ಇವಕ್ಕೂ ಟಿಕೀಟ್ ತಗಿಸಿದ್ರಿ ಯಕ್ಕಾ," ಎಂದು ನನ್ನೆದುರು ಗೊಣಗಿ, ಹಗ್ಗವನ್ನು ಒಯ್ದು ಖಾಲಾರ ಕೈಗಿಟ್ಟಳು. ಖಾಲಾ ಆಡಿನ ಕೊರಳಿಗೆ ಕಟ್ಟಿದ್ದ ಪಟ್ಟೆಯನ್ನು ತಡವಿದರು. ಅವರ ಬೆರಳು ಅಲ್ಲೇ ನಿಂತಿತು.

"ಇದು ನನ್ನ ಗಾದಿ ಬಟ್ಟಿ ಅಲ್ಲ."

"ಅಲ್ರಿ. ನನ್ನ ಹಳೇ ಸೀರಿ ದಡಿ. ಆಡು ನನ್ನವು."

"ಮತ್ತ ಇಲ್ಲಿಗ್ಯಾಕ ತಂದಿ?"

"ಪಾಲಿಗೆ ಕೊಡಾಕ ಬಂದೀನ್ರಿ."

ಖಾಲಾರ ಮುಖ ಬಿಗಿಯಿತು. "ದಾನ ಮಾಡಾಕ ಬಂದಿಯೇನು?"

"ದಾನ ಮಾಡೂ ಅಷ್ಟು ದೊಡ್ಡಾಕಿ ಅಲ್ರಿ ನಾನು. ಹಿಂಡು ಬೆಳದದ, ನನ್ನ ಕೈಲೆ ಎಲ್ಲಾ ನೋಡಾಕ ಆಗವಲ್ದು. ಪ್ಯಾಟಿಯೊಳಗ ಕಾಯಿಪಲ್ಲೆ ಸಿಪ್ಪಿ ಬೇಕಾದಷ್ಟು ಸಿಗ್ತದ. ಗುಡ್ಡದ ಮಗ್ಗಲಿಗೆ ಬೇವದ. ನಿಮಗ ಹೊತ್ತು ಅದ."

"ಸೂದಿನ ರೊಕ್ಕದ ಆಡು ಇವು."

ಗೂಗಲ್ಲಿನಾಕಿ ನೆಲಕ್ಕೆ ಕೂತು, ಸೆರಗಿನಿಂದ ಬೆವರು ಒರೆಸಿಕೊಂಡು, ಸಮಾಧಾನದಿಂದ ಹೇಳಿದಳು: "ಆ ರೊಕ್ಕ ನೀವು ನನಗ ಕೊಟ್ರಿ, ಪೂರಾ ನಿಂದು ಅಂದ್ರಿ. ಅಲ್ಲಿಗೆ ಅದು ನಂದಾತು. ಈಗ ನಾನೇನು ನಿಮಗ ರೊಕ್ಕ ಕೊಡಾಕತ್ತೀನೇನು? ಕೆಲಸ ಕೊಡಾಕತ್ತೀನಿ. ದುಡದ್ರ ಪಾಲು. ದುಡೀಲಿಲ್ಲಂದ್ರ ನನ್ನ ಆಡು ನಾನು ಹೊಡಕೊಂಡು ಹೋಗ್ತೀನ್ರಿ."

ಆಡೊಂದು ಖಾಲಾರ ಮೊಣಕೈಯನ್ನು ನೆಕ್ಕತೊಡಗಿತು. ಅವರು ಕೈ ಎಳೆದುಕೊಳ್ಳಲಿಲ್ಲ. ಅದರ ಬೆನ್ನು ಸವರುತ್ತಾ ಸಣ್ಣ ದನಿಯಲ್ಲಿ ಕೇಳಿದರು: "ಹಾಲು?"

"ಸಾಕಿದಾಕೀದು."

"ಮರಿ?"

"ಅರ್ಧಾ ಅರ್ಧಾ." ಗೂಗಲ್ಲಿನಾಕಿ ಎದ್ದು ನಿಂತಳು. ನಗುವ ಹೆಂಗಸು ಆವತ್ತು ನಗಲಿಲ್ಲ. ಯಜಮಾನತಿಯ ಗತ್ತಿನಲ್ಲಿ ಬೆರಳು ಎತ್ತಿ ಹೇಳಿದಳು: "ಸತ್ತರ ಕಿವಿ ತೋರಸಬೇಕ್ರಿ ಖಾಲಾ. ನಾನು ಬಾಯಿಮಾತು ನಂಬಾಕಿ ಅಲ್ಲ."

ಆ ಮಾತಿಗೆ ಖಾಲಾ ತಲೆಯೆತ್ತಿದರು. ಎಷ್ಟೋ ತಿಂಗಳಿಂದ ಜನ ಅವರಿಗೆ ಊಟ ಕೊಟ್ಟಿದ್ದರು, ಕನಿಕರ ಕೊಟ್ಟಿದ್ದರು. ಯಾರೂ ಅವರಿಂದ ಏನನ್ನೂ ಕೇಳಿರಲಿಲ್ಲ. ಈಗ ಒಬ್ಬಳು ಎದುರಿಗೆ ನಿಂತು ಜವಾಬ್ದಾರಿ ಕೇಳುತ್ತಿದ್ದಳು. ಪೊರೆ ತೆಗೆದ ಆ ಕಣ್ಣುಗಳು ನನಗೆ ಗೂಗಲ್ಲಿನ ಹೊಳೆಯ ಹಾಗೆ ಅಗಲವಾಗಿ ಕಂಡವು.

"ನನ್ನ ಕೈಯಾಗ ಆಡು ಸಾಯ್ತಾವಂತ! ಹೋಗ, ಹೋಗ, ಬಸ್ ತಪ್ಪತದ ನೋಡು," ಎಂದು ಗದರಿ, ಹಗ್ಗವನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡರು.

ಮೂರನೆಯ ದಿನವೇ ಒಂದು ಆಡು ಅವಳಿ ಮರಿ ಹಾಕಿತು. ಖಾಲಾ ಬೆಳಿಗ್ಗೆ ಹಗ್ಗ ಹಿಡಿದು ಗುಡ್ಡದ ಕಡೆಗೆ ಹೊರಡುವರು, ಮರಳುವಾಗ ಆಡುಗಳೇ ಅವರನ್ನು ಮನೆಗೆ ಕರೆತರುವವು. ಪಕ್ಕದ ಮನೆಯಿಂದ ತಾಟು ಬಂದರೆ ಅದರಲ್ಲಿ ಹಾಲ ಚೊಂಬು ಮರಳಿ ಹೋಗುತ್ತಿತ್ತು. ವಾರ ಕಳೆದ ಮೇಲೆ ನನ್ನನ್ನು ಕರೆದು ಆಡಿನ ಹಾಲಿನ ಚಹಾ ಕೊಟ್ಟರು. ಅದರ ವಾಸನೆ ನನಗೆ ಒಗ್ಗುವಂಥದ್ದಲ್ಲ, ಆದರೂ ಎರಡು ಕಪ್ಪು ಕುಡಿದೆ. "ನನ್ನ ದುಡಿಮಿ ಚಾ," ಎಂದು ಅವರು ನಾನು ಕುಡಿಯುವ ಸಪ್ಪಳವನ್ನು ಕೇಳುತ್ತಾ ಕೂತಿದ್ದರು.

ನಾನು ಈಗ ಪೆನ್ಷನ್ ತೆಗೆದುಕೊಳ್ಳುವವಳು. ತಿಂಗಳ ಮೊದಲ ದಿನ ದುಡ್ಡು ತಾನಾಗಿ ಬಂದು ಬೀಳುತ್ತದೆ, ಬಡ್ಡಿಯೂ ಬೀಳುತ್ತದೆ. ಅದನ್ನು ಕಂಡು ಇವತ್ತಿಗೂ ನನಗೆ ಬೆರಗೇ. ಆದರೆ ದುಡ್ಡು ಬೆಳೆಯುವುದೆಂದರೆ ನನ್ನ ಕಣ್ಣ ಮುಂದೆ ಬರುವುದು ಆ ಬೋರ್ಡಲ್ಲ. ಖಾಲಾ ಮತ್ತೆ ಎಷ್ಟೋ ವರ್ಷ ಬಾಳಿದರು, ಕಡೆಯ ಬೇಸಿಗೆಯವರೆಗೂ ಅವರ ಅಂಗಳದಲ್ಲಿ ಮರಿ ಪುಟಿಯುತ್ತಿದ್ದವು. ಅವರು ಇದ್ದಷ್ಟು ದಿನ ರಾಯಚೂರಿನಿಂದ ಗೂಗಲ್ಲಿಗೆ ಒಂದು ಕಿವಿಯೂ ಹೋಗಲಿಲ್ಲ.